ಗಾಳಿ ನಿಲ್ಲಿಸಿದ ಗೃಹಪ್ರವೇಶ

ಊರವರ ಮನೆಗೆಲ್ಲ ಗಾಳಿ ತರುವುದು ನನ್ನ ಕಸುಬು. ಹಸಿರು ಕಟ್ಟಡಗಳಲ್ಲಿ ಕಿಟಕಿ ಎಲ್ಲಿರಬೇಕು, ಒಳಗಿನ ಕೆಟ್ಟ ಗಾಳಿ ಯಾವ ದಾರಿಯಲ್ಲಿ ಹೊರಗೆ ಹೋಗಬೇಕು ಎಂದು ನಕ್ಷೆ ಹಾಕಿಕೊಡುತ್ತೇನೆ. ಈ ವಿಷಯದಲ್ಲಿ ಭಾಷಣ ಮಾಡು ಎಂದರೆ ನನಗೆ ಮೈಕೂ ಬೇಡ, ಕೇಳುವವರೂ ಬೇಡ. ಇಂಥ ನಾನು ಜೆ.ಪಿ. ನಗರದಲ್ಲಿ ಸ್ವಂತ ಮನೆ ಕಟ್ಟಿಸುವಾಗ ಸುಮ್ಮನಿರುತ್ತೇನೆಯೇ? ಅಮ್ಮನಿಗೆ ಉಬ್ಬಸ ಬೇರೆ. ಹೊಸಕೆರೆಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಸಿಗುತ್ತಿತ್ತೇ ಹೊರತು ಗಾಳಿ ಸಿಗುತ್ತಿರಲಿಲ್ಲ. "ಹೊಸ ಮನೆಗೆ ಬಾಮ್ಮ, ಉಸಿರಾಡೋದು ಅಂದ್ರೇನು ಅಂತ ತೋರಿಸ್ತೀನಿ" ಎಂದಿದ್ದೆ. ಅಷ್ಟು ಹೇಳಬಾರದಿತ್ತು.

ಗೃಹಪ್ರವೇಶದ ಹೋಮ ಶುರುವಾಯಿತು. ಹೊಗೆಯ ಸುಳಿವು ಸಿಕ್ಕಿದ ಕೂಡಲೇ ಗೋಡೆಯ ಮೇಲಿನ ಸೆನ್ಸರ್ ಕೆಂಪಾಗಿ, ಫ್ಯಾನುಗಳೆಲ್ಲ ತಾವಾಗಿಯೇ ಜೋರಾಗಿ ತಿರುಗಿದವು. ಹೊಗೆ ಸರ್ರನೆ ಹೊರಗೆ ಹೋಯಿತು. ನಾನು ಎದೆಯುಬ್ಬಿಸಿ ಸುತ್ತ ನೋಡುವಷ್ಟರಲ್ಲಿ ದೇವರ ಮುಂದಿನ ದೀಪವೂ ಆರಿಹೋಯಿತು. ನೆಂಟರ ಮುಖ ಕಪ್ಪಿಟ್ಟಿತು. ಮತ್ತೆ ಹಚ್ಚಿದರೆ ಮತ್ತೆ ಆರಿತು. "ಮೊದ್ಲು ಈ ಗಾಳಿ ನಿಲ್ಸಿ ಸಾರ್," ಎಂದರು ಪುರೋಹಿತರು, "ನಾಳೆ ಬೆಳಿಗ್ಗೆವರೆಗೂ ದೀಪ ಆರಬಾರ್ದು." ಹೆಂಡತಿ ನನ್ನನ್ನು ಒಂದು ಸಲ ನೋಡಿದಳು. ಆ ನೋಟಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ. ನಾನೇ ಎದ್ದು ಫ್ಯಾನುಗಳನ್ನು ನಿಲ್ಲಿಸಿ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದೆ. ನಾನೇ ಆರಿಸಿ ತಂದ ಕಿಟಕಿಗಳು, ಮುಚ್ಚಿದರೆ ಇರುವೆಗೂ ದಾರಿಯಿಲ್ಲ.

ಆಮೇಲೆ ಯಾರು ಯಾರೆಂದು ಗುರುತು ಸಿಗದಷ್ಟು ಹೊಗೆ. ನೆಂಟರು ಕಣ್ಣೊರೆಸಿಕೊಳ್ಳುತ್ತ, "ಒಳ್ಳೇ ಲಕ್ಷಣ ಕಣಪ್ಪ" ಎಂದು ಹರಸಿದರು. ನಿನ್ನ ಗಾಳಿ ವ್ಯವಸ್ಥೆ ತೋರಿಸು ಎಂದು ಒಬ್ಬರು ಕೇಳಿದರು. ಕೆಮ್ಮುತ್ತಲೇ ಸ್ವಿಚ್ಚು ತೋರಿಸಿದೆ. ಮೂಲೆಯಲ್ಲಿ ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತಿದ್ದಳು. ಹೋಮದ ನಡುವೆ ಏಳಬಾರದೆಂದು ಸಹಿಸಿಕೊಂಡಿದ್ದಳು. ಅವಳಿಗಾಗಿಯೇ ಕಟ್ಟಿಸಿದ ಮನೆ. ಆದರೂ ಅಷ್ಟು ಜನರೆದುರು ಕಿಟಕಿ ತೆರೆಯುವ ಧೈರ್ಯ ಮಾತ್ರ ಬರಲಿಲ್ಲ.

ಹೋಮ ಮುಗಿದದ್ದೇ ತಡ, ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಹಳೆಯ ಮನೆಗೆ ಹೊರಟೆ. ಬನಶಂಕರಿ ಸಿಗ್ನಲ್ಲಿನಲ್ಲಿ ಎಡಕ್ಕೊಂದು ಬಸ್ಸು, ಬಲಕ್ಕೊಂದು ಲಾರಿ, ನಡುವೆ ನಾವು. ಅಮ್ಮ ಸೆರಗು ಸರಿಸಿ ಎದೆತುಂಬ ಉಸಿರೆಳೆದುಕೊಂಡಳು.

"ಈ ಕಡೆಯಿಂದ ಬಂದು ಆ ಕಡೆ ಹೋಗತ್ತೆ ನೋಡು ಗಾಳಿ, ಎಷ್ಟು ಹಾಯಾಗಿದೆ. ಮನೆಗೂ ಹಿಂಗೇ ಮಾಡ್ಸು ಅಂತ ಯಾರೂ ಹೇಳ್ಲಿಲ್ವೇನೋ ನಿಂಗೆ?"

ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿದ. "ಏನ್ ಕೆಲ್ಸ ಸಾರ್ ನಿಮ್ದು?"

"ಬ್ಯಾಂಕಲ್ಲಿ" ಎಂದೆ.