ಹಫೀಜನ ಮೂರನೇ ವರ್ಷದ ಲಾಭ

ಪಕ್ಕದ ಬ್ಯಾಗ್ ರಿಪೇರಿ ಅಂಗಡಿಯ ಹಫೀಜ್ ಹೊಸ ಸ್ಟೂಲು ತಂದರೂ ಜೆರಾಕ್ಸ್ ಅಂಗಡಿಯ ಧರ್ಮಪ್ಪನಿಗೆ ಎದೆ ಉರಿಯುತ್ತಿತ್ತು. ಶಿಕಾರಿಪುರದ ಬಸ್ ನಿಲ್ದಾಣದ ಬಳಿ ಇಬ್ಬರದೂ ಒಂದೇ ಗೋಡೆ.

ಅಂದು ಬೆಳಿಗ್ಗೆ ಹಫೀಜ್ ಒಂದು ಫೈಲು ತಂದಿಟ್ಟ. "ಅಣ್ಣಾರೆ, ಬ್ಯಾಂಕಿಗೆ ಕೊಡ್ಬೇಕು. ಎರಡು ಸೆಟ್ ತೆಗೀರಿ."

ಅವನು ಅತ್ತ ಹೋದದ್ದೇ ತಡ, ಧರ್ಮಪ್ಪ ಫೈಲಿನೊಳಗೆ ಮುಖ ಹುದುಗಿಸಿದ. ರೊಟ್ಟಿ ಮಾಡುವ ಯಂತ್ರದ ಪ್ರಾಜೆಕ್ಟ್ ರಿಪೋರ್ಟು! ಮುಂದಿನ ಮೂರು ವರ್ಷ ಎಷ್ಟು ರೊಟ್ಟಿ ಮಾರಬಹುದು, ಹಿಟ್ಟಿಗೆಷ್ಟು, ಕರೆಂಟಿಗೆಷ್ಟು ಎಂದು ಆಡಿಟರು ಅಂದಾಜು ಹಾಕಿದ್ದರು. ಮೂರನೇ ವರ್ಷದ ಲಾಭ ಆರು ಲಕ್ಷ! ಧರ್ಮಪ್ಪನ ಹೊಟ್ಟೆ ಕಾದ ಹಂಚಿಗೆ ನೀರು ಬಿದ್ದಂತೆ ಚುರ್ರೆಂದಿತು. ಉಳಿದ ಹಾಳೆ ಓದುವ ವ್ಯವಧಾನ ಯಾರಿಗಿತ್ತು? ಲಾಭದ ಹಾಳೆಯ ಇನ್ನೊಂದು ಪ್ರತಿ ತೆಗೆದು ಜೇಬಿಗಿಳಿಸಿದ.

ಎದುರಿನ ಚಹಾದಂಗಡಿಯ ವನಜಮ್ಮನಿಗೆ ಅದನ್ನು ತೋರಿಸಿದಾಗ ಆಕೆ ಕಣ್ಣರಳಿಸಿದಳು.

"ಆರು ಲಕ್ಷಾನಾ? ಹಂಗಾರೆ ಅವ ಕಾರು ತಗೊಂತಾನ್ ಬಿಡ್ರಿ. ನೀವು ಅದರ ಆರ್‌ಸಿ ಜೆರಾಕ್ಸ್ ತೆಗೀತಾ ಕೂತಿರ್ರಿ."

ಆ ಮಾತು ನಾಟಿತು. ಮಧ್ಯಾಹ್ನದೊಳಗೆ ಧರ್ಮಪ್ಪ ದಾವಣಗೆರೆಯ ಯಂತ್ರದಂಗಡಿಗೆ ಫೋನ್ ಮಾಡಿ, ರೊಟ್ಟಿ ಯಂತ್ರದ ಪೂರ್ತಿ ಬೆಲೆಯೆಂದು ಕೂಡಿಟ್ಟಿದ್ದ ಒಂದೂವರೆ ಲಕ್ಷವನ್ನೂ ಕಳಿಸಿಬಿಟ್ಟ. ಕೊಟ್ಟ ದುಡ್ಡು ವಾಪಸಿಲ್ಲ ಎಂದರೆ ಅದಕ್ಕೂ ಹ್ಞೂಂಗುಟ್ಟಿದ.

ಸಂಜೆ ಹಫೀಜನ ಮುಂದೆ ಮೀಸೆ ತಿರುವಿದ. "ನಾಳೆ ನಂಗೆ ರೊಟ್ಟಿ ಮಿಷನ್ ಬರ್ತೈತೆ ಕಣೋ. ಈ ಊರಾಗೆ ನಾನೇ ಮೊದ್ಲು!"

ಹಫೀಜ್ ಸೂಜಿ ಕೆಳಗಿಟ್ಟ. "ಈ ಊರಾಗಾ? ಅಯ್ಯೋ ಅಣ್ಣಾರೆ, ಆಡಿಟರು ನಂಗೆ ಎರಡು ಲೆಕ್ಕ ಮಾಡಿಕೊಟ್ಟಿದ್ರು. ಪಕ್ಕದ ಸೊರಬದಾಗೆ ಅನ್ನ ಉಣ್ಣೋ ಮಂದಿ, ಹಾಸ್ಟೆಲ್ಲು ಹೋಟೆಲ್ಲಿಗೆಲ್ಲ ರೊಟ್ಟಿ ಹೊರಗಿಂದ ಬರ್ಬೇಕು. ಅಲ್ಲಿ ಲಾಭ. ಇಲ್ಲಿ ಮನೆಮನೇಲಿ ರೊಟ್ಟಿ ಬಡೀತಾರೆ, ಮೂರು ವರ್ಷನೂ ಲಾಸು. ಅದಕ್ಕೇ ಸೊರಬದಾಗೆ ಮಳಿಗೆ ಹಿಡಿದೆ."

ಧರ್ಮಪ್ಪನ ಮೀಸೆಯ ತುದಿ ತಾನಾಗಿ ಇಳಿಯಿತು.

"ಬೇಜಾರು ಮಾಡ್ಕೋಬ್ಯಾಡ್ರಿ. ನಿಮ್ಮ ಮಿಷನ್ ನಾನೇ ತಗೊಂತೀನಿ. ಸೆಕೆಂಡ್ ಹ್ಯಾಂಡ್ ರೇಟು, ಒಂದು ಲಕ್ಷ."

"ಅದಿನ್ನೂ ಬಂದೇ ಇಲ್ವಲ್ಲೋ!"

"ಬಂದ್ಮೇಲೆ ನಾನು ಎರಡನೇ ಮಾಲೀಕ ಅಲ್ವಾ ಅಣ್ಣಾರೆ?"

ಬೇರೆ ದಾರಿಯಿಲ್ಲದೆ ಧರ್ಮಪ್ಪ ಒಪ್ಪಿದ. ಅಂಗಡಿಗೆ ಮರಳಿ, ಜೇಬಿನ ಹಾಳೆ ಬಿಡಿಸಿ, ಯಂತ್ರ ಐವತ್ತು ಸಾವಿರ ಅಗ್ಗವಾದ್ದರಿಂದ ಹಫೀಜನ ಲಾಭ ಎಷ್ಟು ಏರುತ್ತದೆಂದು ಕ್ಯಾಲ್ಕುಲೇಟರ್ ಒತ್ತಿ ನೋಡಿದ. ತನ್ನ ನಷ್ಟಕ್ಕೆ ಬಾರದ ಕಣ್ಣೀರು ಆಗ ಬಂತು.