ಕಾಲು ತಾಸು ತಿಕ್ಕಿದ ಮುಖ

ಗಂಡಸರು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂಬುದು ಗಂಡಸರೇ ಹಬ್ಬಿಸಿದ ಸುಳ್ಳು. ಬಚ್ಚಲಮನೆಗೆ ಒಳಗಿನಿಂದ ಚಿಲಕ ಇರುವುದರಿಂದ ಅದು ಇಷ್ಟು ದಿನ ಬಾಳಿದೆ. ನಾನು ಸಿಂದಗಿಯಲ್ಲಿ ಮನೆ ಮಾಡಿಕೊಂಡು, ಯಂಕಂಚಿ ಕಡೆಯ ಹೈಸ್ಕೂಲಿಗೆ ದಿನವೂ ಬೈಕಿನ ಮೇಲೆ ಹೋಗಿಬರುವ ಗಣಿತದ ಮಾಸ್ತರ. ಇಪ್ಪತ್ತೆರಡು ವರ್ಷದ ಬಿಸಿಲು ನನ್ನ ಮೂಗು, ಕೆನ್ನೆಗಳ ಮೇಲೆ ಖಾಯಂ ಆಗಿ ಕೂತಿದೆ. ಹೆಲ್ಮೆಟ್ಟಿನ ಕೃಪೆಯಿಂದ ಹಣೆ ಮಾತ್ರ ಬೇರೆ ಯಾರದೋ ಹಣೆಯಂತೆ ಬೆಳ್ಳಗಿದೆ. ಇದರಿಂದ ನನಗೇನೂ ತೊಂದರೆ ಇರಲಿಲ್ಲ, ಮುದ್ದೇಬಿಹಾಳದಿಂದ ಅಕ್ಕನ ಫೋನು ಬರುವವರೆಗೆ.

ಅವಳ ಮಗಳು ಪವಿತ್ರಾಳ ನಿಶ್ಚಯಕ್ಕೆ ಭಾನುವಾರ ಇಂಗಳೇಶ್ವರದ ಬೀಗರು ಬರುವವರಿದ್ದರು. ಹುಡುಗಿಗೆ ತಂದೆ ಇಲ್ಲ. ಸೋದರಮಾವನಾದ ನಾನೇ ಮುಂದೆ ಕೂತು ಮಾತಾಡಬೇಕು. "ತಮ್ಮಾ, ಒಂಚೂರು ನೀಟಾಗಿ ಬಾ," ಎಂದಳು ಅಕ್ಕ. ಅಲ್ಲಿಗೆ ನನ್ನ ನಿದ್ದೆ ಹೋಯಿತು.

ಮುಖಕ್ಕೆ ಹೊಳಪು ಬರಿಸುವುದು ಹೇಗೆ ಎಂದು ಕಾಲೇಜಿಗೆ ಹೋಗುವ ಮಗಳು ಸೌಮ್ಯಾಳನ್ನು ಕೇಳಿದೆ. "ಅಪ್ಪಾ, ಮಾರಿ ಮ್ಯಾಲಿನ ಸತ್ತ ತೊಗಲು ಹಗೂರಕ ತಗೀಬೇಕು," ಎಂದಳು. "ಮಾರಿ ಹಸಿ ಮಾಡ್ಕೊಂಡು, ಮೊಸರಾಗ ಸಣ್ಣ ಕಡ್ಲಿಹಿಟ್ಟು ಕಲಸಿ, ಬೆರಳ ತುದೀಲೆ ಅರ್ಧ ನಿಮಿಷ ಆಡ್ಸು. ತಿಕ್ಕಬ್ಯಾಡ. ಲಿಂಬಿಹಣ್ಣು ಮುಟ್ಟಬ್ಯಾಡ. ತೊಳಕೊಂಡು ಕ್ರೀಮ್ ಹಚ್ಕೊ, ಬಿಸಿಲಿಗೆ ಹೋಗಬ್ಯಾಡ. ವಾರಕ್ಕ ಒಮ್ಮೆ ಮಾಡಿದ್ರ ಸಾಕು."

ಎರಡು ದಶಕದ ಬಿಸಿಲಿಗೆ ಅರ್ಧ ನಿಮಿಷ. ಲೆಕ್ಕ ಕಲಿಸುವವನಿಗೆ ಇದನ್ನು ಒಪ್ಪುವುದು ಹೇಗೆ? ಅರ್ಧ ನಿಮಿಷಕ್ಕೆ ಇಷ್ಟು ಹೊಳಪಾದರೆ ಕಾಲು ತಾಸಿಗೆ ಎಷ್ಟು ಎಂದು ತ್ರೈರಾಶಿ ಹಾಕಿದೆ. ಮೂವತ್ತು ಪಟ್ಟು ಬಂತು. ಕಡಲೆಹಿಟ್ಟು ಮೆತ್ತಗಿನ ವಸ್ತು, ಅದರಿಂದ ಏನಾದೀತು ಎಂದು ಸಕ್ಕರೆ ತೆಗೆದುಕೊಂಡೆ. ಲಿಂಬೆಹಣ್ಣು ಬೇಡವೆಂದಿದ್ದಳು, ಆದರೆ ಅಡುಗೆಮನೆಯಲ್ಲಿ ಅದು ಕಣ್ಣೆದುರಿಗೇ ಇತ್ತು. ಬೆರಳಿನ ಬದಲು ತೆಂಗಿನ ನಾರು. ಶನಿವಾರ ಶಾಲೆ ಮುಗಿಸಿ ಬಂದವನೇ ಚಿಲಕ ಹಾಕಿಕೊಂಡು ಗಡಿಯಾರ ನೋಡುತ್ತ ತಿಕ್ಕಿದೆ. ಐದು ನಿಮಿಷಕ್ಕೆ ಉರಿ ಹತ್ತಿತು. ಉರಿದರೆ ಗುಣವಾಗುತ್ತಿದೆ ಎಂಬುದು ನಮ್ಮ ಮನೆತನದ ವೈದ್ಯಶಾಸ್ತ್ರ. ಇನ್ನೂ ಹತ್ತು ನಿಮಿಷ ತಿಕ್ಕಿದೆ.

ಹೊರಗೆ ಬಂದಾಗ ನನ್ನ ಹೆಂಡತಿ ಶಾಂತಾ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. "ಅಲ್ರೀ, ಇದು ಮಾರಿ ಐತೋ, ಹೊತ್ತಿದ ಅಡಿಗಿ ಬೋಗಾಣಿ ಐತೋ?" ಸೌಮ್ಯಾ ತಣ್ಣೀರಿನ ಬಟ್ಟೆ ತಂದು ಕೆನ್ನೆಗಿಟ್ಟು, "ಇನ್ನ ತೊಗಲು ಮಾಯೂತನಕ ಏನೂ ತಿಕ್ಕಬ್ಯಾಡ, ಕೈ ಮುಗೀತೇನಿ," ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಬೆಳಗಾದರೆ ಮುಖ ಊದಿ ಕೆಂಪಾಗಿ, ಮೂಗಿನ ಮೇಲೆ ಸಿಪ್ಪೆ ಏಳುತ್ತಿತ್ತು. ಹಾಗೇ ಶಾಂತಾಳೊಡನೆ ಬಸ್ಸು ಹತ್ತಿದೆ. ದೇವರ ಹಿಪ್ಪರಗಿ ಬರುವಷ್ಟರಲ್ಲಿ ಗುರುತಿಲ್ಲದ ನಾಲ್ವರು ನಾಲ್ಕು ಔಷಧ ಹೇಳಿದ್ದರು. ಅದರಲ್ಲಿ ಒಂದು, ದೇವರಾಣೆ, ಲಿಂಬೆಹಣ್ಣು.

ಮುದ್ದೇಬಿಹಾಳದಲ್ಲಿ ನಿಜವಾದ ಕಷ್ಟ ಶುರುವಾಯಿತು. ನನ್ನ ಮುಖಕ್ಕೇನಾಯಿತು ಎಂದು ಬೀಗರ ಹೆಂಗಸರು ಕೇಳಿದ್ದಕ್ಕೆ ಅಡುಗೆಮನೆಯಲ್ಲಿದ್ದ ಅಕ್ಕ, ಜೇನು ಕಡಿದಿದೆ ಎಂದಳು. ಪಡಸಾಲೆಯಲ್ಲಿದ್ದ ಶಾಂತಾ, ಅನ್ನದ ಉಗಿ ಬಡಿದಿದೆ ಎಂದಳು. ನಾನು ಹುಡುಗನ ತಂದೆಗೆ ಬೈಕಿನಿಂದ ಬಿದ್ದೆ ಎಂದೆ. ಒಳಗೂ ಹೊರಗೂ ಓಡಾಡುತ್ತಿದ್ದ ಹುಡುಗನ ಅಜ್ಜಿ ಮೂರನ್ನೂ ಕೇಳಿಸಿಕೊಂಡಿದ್ದಳು. ಇನ್ನೇನು ತಾಂಬೂಲ ಬದಲಿಸಬೇಕು, ಆಕೆ ಕೈ ಎತ್ತಿದಳು.

"ಸಿಟ್ಟಿಗೇಳಬ್ಯಾಡ್ರಿ. ಒಂದು ಮಾರಿಗೆ ಮೂರು ಕಾರಣ ಕೇಳಿದೆ. ನಿಮ್ಮ ಮನೆತನದಾಗ ತೊಗಲಿನ ಬ್ಯಾನಿ ಏನರ ಐತೇನ್ರಿ? ಇದ್ರ ಇದ್ದಂಗ ಹೇಳ್ರಿ."

ಅಕ್ಕನ ಮುಖ ಬಿಳಚಿಕೊಂಡಿತು. ಒಳಬಾಗಿಲಲ್ಲಿ ಪವಿತ್ರಾ ಸೀರೆಯ ಸೆರಗು ಹಿಡಿದು ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಆ ಹುಡುಗಿಯ ಬಾಳು ನನ್ನ ಮೂಗಿನ ಸಿಪ್ಪೆಗೆ ಸಿಕ್ಕಿಕೊಂಡಿತ್ತು.

"ಬ್ಯಾನಿ ಇಲ್ರಿ, ಆಯಿ," ಎಂದೆ. "ಚಂದ ಕಾಣಬೇಕಂತ ನಾನ ತಿಕ್ಕೊಂಡೇನ್ರಿ."

"ಏನ್ಲೆ ತಿಕ್ಕೊಂಡ್ರಿ?"

"ಸಕ್ರಿ, ಲಿಂಬಿಹಣ್ಣು. ತೆಂಗಿನ ನಾರು."

"ಎಷ್ಟೊತ್ತು?"

"ಕಾಲು ತಾಸು."

ಮೂವತ್ತು ಜನ ಕೂತಿದ್ದ ಪಡಸಾಲೆಯಲ್ಲಿ ಮದುಮಗನೇ ಮೊದಲು ನಕ್ಕ. ಅಜ್ಜಿ ನಗಲಿಲ್ಲ. ಮಗನ ಕಡೆ ತಿರುಗಿ, "ಇಷ್ಟು ಮಾನಗೇಡಿ ಸುಳ್ಳು ಯಾರೂ ಕಟ್ಟಂಗಿಲ್ಲ. ಖರೇನ ಐತಿ. ತಾಂಬೂಲ ಬದಲಿಸ್ರಿ," ಎಂದಳು.

ಮುಖ ಹತ್ತು ದಿನಕ್ಕೆ ಮಾಯಿತು, ಬಣ್ಣ ಮೊದಲಿನದೇ. ಆದರೆ ಅಜ್ಜಿ ನನ್ನನ್ನು ಬಿಡಲಿಲ್ಲ. ಎರಡೂ ಮನೆಗಳಲ್ಲಿ ನಂಬಿಕೆಯ ಮನುಷ್ಯ ನಾನೊಬ್ಬನೇ ಎಂದು ತೀರ್ಮಾನಿಸಿ, ಏನು ಅನುಮಾನ ಬಂದರೂ ನನಗೇ ಫೋನು ಮಾಡುತ್ತಾಳೆ. ಮೊನ್ನೆ ಕೇಳಿದಳು: "ಮಾಸ್ತರ, ನೀವಾದ್ರ ಸುಳ್ಳು ಹೇಳಂಗಿಲ್ಲ. ಹುಡುಗಿಗೆ ರೊಟ್ಟಿ ಬಡಿಯಾಕ ಬರ್ತೈತೇನ್ರಿ?"

ಪವಿತ್ರಾ ಬಡಿದ ರೊಟ್ಟಿಯನ್ನು ನಾನು ತಿಂದವನು. ಅದು ಮುರಿಯುವುದಿಲ್ಲ, ಬಾಗುವುದೂ ಇಲ್ಲ.

"ಭಾಳ ಛಲೋ ಬಡೀತಾಳ್ರಿ, ಆಯಿ," ಎಂದೆ. ಯಾವ ಸಕ್ಕರೆಯೂ ಇಲ್ಲದೆ ನನ್ನ ಮುಖ ಕಿವಿಯವರೆಗೆ ಕೆಂಪಾಯಿತು. ಫೋನಿನಲ್ಲಿ ಮುಖ ಕಾಣುವುದಿಲ್ಲ ಎಂಬುದೊಂದೇ ಪುಣ್ಯ.