ಹೊಳಿ ದಂಡಿ ಹೊಟ್ಟಿಕಿಚ್ಚು

ಗಾಳಿ ಎದ್ದ ದಿನ ಹೊಳ್ಯಾಗಿನ ಮೀನಕ್ಕಿಂತ ನನ್ನ ಮಾರಿನ ಹೆಚ್ಚು ಬಣ್ಣ ಬದಲಸ್ತೈತಿ. ರೋಣದಾಗ ನಂದು ಟೇಲರ್ ಅಂಗಡಿ. ಎದುರಿಗೆ ಮಿಕ್ಸರ್ ರಿಪೇರಿ ಮಾಡಾಂವ ನನ್ನ ಗೆಳ್ಯಾ, ಮೂಲ ಗಜೇಂದ್ರಗಡದಾಂವ. ಸೂಟಿ ಸಿಕ್ಕರ ಇಬ್ರೂ ಮಲಪ್ರಭಾ ಹೊಳಿಗೆ ಮೀನಾ ಹಿಡ್ಯಾಕ ಹೋಗ್ತೀವಿ. ಹರಗೋಲ ಹತ್ತಿ ನಡಹೊಳಿಗೆ ಹೋದ್ರ ಇಬ್ಬರಿಗೂ ಒಂದ ಥರದ ಮೀನಾ, ಜಗಳಿಲ್ಲ. ಆದ್ರ ಗಾಳಿ ಜೋರಾತಂದ್ರ ಹರಗೋಲಿನ ಅಜ್ಜ, "ಇವತ್ತ ಇಳಸಾಂಗಿಲ್ಲ, ದಂಡ್ಯಾಗ ನಿಂತ ಹಿಡಕೋರಿ" ಅಂತಾನ. ಆಗ ಗಾಳಕ್ಕ ರಬ್ಬರ್ ಮೀನಾ ಕಟ್ಟಿ ಒಗದು ಎಳಕೋಬೇಕು. ಖರೇ ಮೀನಾ ಅಂತ ತಿಳದು ದೊಡ್ಡವು ಕಚ್ಚತಾವು. ದಂಡ್ಯಾಗ ಬಾಳಿಮೀನಾ, ಹಾವಮೀನಾ, ಜಿಲೇಬಿಮೀನಾ ಅಂತ ನಾನಾ ನಮೂನಿ ಇರತಾವು. ಎಲ್ಲಾ ನಮೂನಿನೂ ಬೀಳೂದು ನನ್ನ ಗೆಳ್ಯಾಗ!

ಅದಲು ಬದಲು

ಅವನ ಮಾಸಿದ ರಬ್ಬರ್ ಮೀನಕ್ಕ ಬಾಳಿಮೀನಾ ಬಿತ್ತು. ಬೆಳ್ಳಿ ಹಂಗ ಹೊಳ್ಯೂ ನನ್ನ ಹೊಸಾದನ್ನ ಯಾವ ಮೀನಾನೂ ತಿರುಗಿ ನೋಡಲಿಲ್ಲ. "ನಿಂದ ಕೊಡಲೇ" ಅಂದೆ. ಬಿಚ್ಚಿ ಕೊಟ್ಟು ನಂದ ತಗೊಂಡ. ಒಗದ ಕೂಡ್ಲೆ ಅವಂಗ ಹಾವಮೀನಾ!

"ನನ್ನ ರಬ್ಬರಿಗೆ ಬಿದ್ದದ್ದು ಅದು, ನನಗ ಬರಬೇಕು!" ಅಂದೆ.

"ಆತು ತಗೋ. ನನ್ನ ರಬ್ಬರಿಗೆ ಬಿದ್ದದ್ದು ನನಗ ಕೊಡು" ಅಂದ.

ನನ್ನ ಗಾಳಕ್ಕ ಜೋತುಬಿದ್ದ ಪಾಚಿ ಬಿಡಿಸಿ ಅವನ ಕೈಯಾಗಿಟ್ಟೆ.

ಜಾಲಿ ಕಂಟಿ ಆಚಿ

ಅವನ ಮೀನಾ ಕಣ್ಣಿಗೆ ಬೀಳೂದ ಬ್ಯಾಡಂತ ಒಂದಿನ ಜಾಲಿ ಕಂಟಿ ಆಚಿ ಹೋಗಿ ನಿಂತೆ. ಗಾಳ ಜಗ್ಗಿತು.

"ದೊಡ್ಡದೈತಿ!" ಅಂತ ಒದರಿದೆ.

"ನಂದೂ ದೊಡ್ಡದೈತಿ!" ಕಂಟಿ ಈಚಿಂದ ಅಂವ ಒದರಿದ.

ಇದೊಂದು ದಿನಾನಾದ್ರೂ ನನಗೊಬ್ಬಂಗ ಸಿಗಬಾರದ ಅಂತ ಹೊಟ್ಯಾಗ ಬೆಂಕಿ ಬಿತ್ತು. ನಾ ಎಳದ್ರ ಅಂವ "ಓಡತೈತಿ ಓಡತೈತಿ" ಅಂತಿದ್ದ. ಅಂವ ಎಳದ್ರ ನನ್ನ ಕೋಲು ಬಾಗತಿತ್ತು. ಬೋರಲ ಹಾಕಿದ ಹರಗೋಲಿನ ಮ್ಯಾಲೆ ಕುಂತಿದ್ದ ಅಜ್ಜ ನೋಡಿ ನೋಡಿ ಸಾಕಾಗಿ, "ನಿಮ್ಮಿಬ್ಬರ ದಾರಾ ಒಂದಕ್ಕೊಂದು ಸಿಕ್ಕೊಂಡಾವು. ಮೀನಾ ಇಲ್ಲ, ಮಣ್ಣಿಲ್ಲ. ಒಬ್ರರ ಬಿಡ್ರೆಪಾ" ಅಂದ.

"ನಾ ಬಿಟ್ರ ಅವಂಗ ಸಿಗತೈತಲ್ಲಾ!" ಅಂತ ಇಬ್ರೂ ಒಮ್ಮೆಲೆ ಒದರಿದ್ವಿ.

ಬಂಗಡಿ

ಅಂತೂ ಒಂದು ಗಾಳಿ ದಿನ ಬಾಳಿಮೀನಾ ನನಗ ಬಿತ್ತು, ಅವಂಗ ಏನೂ ಇಲ್ಲ. ಅಂಗಿ ಅಳತಿ ಕೊಡಾಕ ಬಂದವರಿಗೆಲ್ಲಾ ಟೇಪ ಹಿಡದು ಮೀನಿನ ಉದ್ದ ತೋರಿಸಿದೆ. ಸಂಜಿ ಹೊತ್ತಿಗೆ ಮೀನಾ ಮಾರುದ್ದ ಬೆಳದಿತ್ತು. ಎದುರಿನ ಅಂಗಡ್ಯಾಗ ಗೆಳ್ಯಾನ ಮಾರಿ ಸುಟ್ಟ ಬದನಿಕಾಯಿ ಆಗಿತ್ತು. ನನಗ ಭಾಳ ಚಲೋ ನಿದ್ದಿ ಬಂತು.

ಮುಂದಿನ ಸಲ ಗಾಳಿ ಎದ್ದಾಗ ನನಗ ಅವಸರದ ಹೊಲಿಗಿ ಇತ್ತು, ಅಂವ ಒಬ್ಬನ ಹೋದ. ಹೊತ್ತು ಮುಳುಗೂದ್ರಾಗ ನಮ್ಮ ಮನಿಗೆ ಬಂದು ನನ್ನ ಹೆಂಡ್ತಿ ಕೈಯಾಗ ಚೀಲ ಕೊಟ್ಟು, "ತಂಗೆವ್ವಾ, ಹೊಳಿ ದಂಡ್ಯಾಗ ಹಿಡದೇನಿ, ಸಾರು ಮಾಡು" ಅಂದು ನನ್ನ ಕಡೆ ನೋಡದ ಹೋಗಿಬಿಟ್ಟ.

ಎಂಥಾ ಮೀನೋ ಏನೋ ಅಂತ ಚೀಲ ಬಿಚ್ಚಿದೆ. ಒಳಗ ಬಂಗಡಿ! ಬರ್ಫಿನ ಹಳಕು ಇನ್ನೂ ಅಂಟಿತ್ತು. ನಾ ಕುಣದಾಡಿದೆ.

"ಇದು ಕಾರವಾರದ ಕಡಿ ಸಮುದ್ರದ ಮೀನಾ! ಹೊಳ್ಯಾಗ ಹ್ಯಾಂಗ ಬರತೈತಿ? ಪ್ಯಾಟ್ಯಾಗ ಕೊಂಡು ತಂದಾನ, ಸುಳ್ಳಬುರುಕ!"

ಹೆಂಡ್ತಿ ಮೀನಾ ತೊಳಿಯೂದು ನಿಲ್ಲಿಸಿ ನನ್ನ ಮಾರಿ ನೋಡಿದ್ಲು.

"ಹೊಟ್ಟಿಕಿಚ್ಚಿಗೂ ಒಂದು ಮಿತಿ ಇರಬೇಕ್ರಿ. ಅಣ್ಣಾರಿಗೆ ನೋಡ್ರಿ, ಸಮುದ್ರದ ಮೀನಾ ಸುದ್ದಾ ಹೊಳಿಗೆ ಬಂದು ಬೀಳತಾವು. ನಿಮಗ ಹೊಳ್ಯಾಗ ಇದ್ದಾವ ಬೀಳಾಂಗಿಲ್ಲ!"